ಮಾವನ ಕುದುರೆ ಟ್ರೇಲರ್

ನಾನು ಮೋಟಾರ್ ರಿವೈಂಡಿಂಗ್ ಮಾಡುವವನು. ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸುಟ್ಟ ಪಂಪ್‌ಸೆಟ್ಟುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದೇನೆ. ಕುದುರೆಯ ನಂಟು ನನಗೆ ಸೋದರಮಾವನ ಕಡೆಯಿಂದ ಬಂದದ್ದು. ಅವರು ಗದಗ ತಾಲ್ಲೂಕಿನ ಮುಳಗುಂದದ ಹತ್ತಿರ ಹೊಲ ಮಾಡಿಕೊಂಡು, ಎರಡು ಕುದುರೆ ಸಾಕಿ, ಮದುವೆಯ ಮೆರವಣಿಗೆಗೂ ಜಾತ್ರೆಗೂ ಕಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಮಗ ಒಂದು ಹೆಣ್ಣುಕುದುರೆಯನ್ನು ಮಾತ್ರ ಉಳಿಸಿಕೊಂಡು ಹಳೇ ಹುಬ್ಬಳ್ಳಿಯ ಅಂಚಿಗೆ ತಂದು ಕಟ್ಟಿದ. ಅದರ ಹೆಸರು ಚಂಪಿ.

ಚಂಪಿಯನ್ನು ಊರಿಂದ ಊರಿಗೆ ಒಯ್ಯಲು ಬಾಡಿಗೆಯ ಸರಕು ಗಾಡಿಯೇ ಗತಿಯಾಗಿತ್ತು. ಕಬ್ಬಿಣದ ತಳ, ಅದರ ಮೇಲೆ ಎರಡು ಬುಟ್ಟಿ ಹುಲ್ಲು, ಎರಡೂ ಬದಿಗೆ ಹಗ್ಗ. ಕಳೆದ ವರ್ಷದ ಹಿಂದಿನ ವರ್ಷ ಮಾಘ ಮಾಸದಲ್ಲಿ ಒಂದು ಮದುವೆ ಮುಗಿಸಿಕೊಂಡು ಬರುವಾಗ ಚಾಲಕ ರಸ್ತೆಯ ಉಬ್ಬು ಕಂಡು ಗಕ್ಕನೆ ಬ್ರೇಕ್ ಒತ್ತಿದ. ಕುದುರೆ ಮುಂಗಾಲು ಮಡಚಿ ಬಿತ್ತು. ಮೊಣಕಾಲಿನ ಚರ್ಮ ಅಂಗೈಯಗಲ ಸುಲಿದಿತ್ತು. ಅಂದು ರಾತ್ರಿ ಗಾಯ ತೊಳೆಯುತ್ತ ಮಾವನ ಮಗ, "ಅಪ್ಪನ ಟ್ರೇಲರ್ ಇದ್ದಿದ್ದರೆ" ಎಂದ. ಇದ್ದಿದ್ದರೆ ಎನ್ನುವುದೇನು ಬಂತು, ಅದು ಇತ್ತು. ಹೊಲದ ಬೇವಿನ ಮರದ ಕೆಳಗೆ ಹನ್ನೊಂದು ವರ್ಷಗಳಿಂದ ನಿಂತೇ ಇತ್ತು.

ಯುಗಾದಿ ಮುಗಿಸಿಕೊಂಡು ನೋಡಲು ಹೋದೆವು. ಒಂದೇ ಅಚ್ಚು, ಚಕ್ರ ಕೂರಿಸುವ ಜೀಪಿನ ಹಬ್ಬುಗಳು, 6.00-16 ಅಳತೆಯ ಎರಡು ಟೈರು, ನಡುವೆ ಅಡ್ಡಗಟ್ಟಿದ ಎರಡು ಕುದುರೆಗಳ ಜಾಗ, ಹಿಂದೆ ಇಳಿಸಿ ಏರಿಸುವ ಹಲಗೆ. ಬಾಗಿಲ ಮೇಲೆ ಧಾರವಾಡದ ಕೆಎ 25 ನಂಬರು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಇದು ಅದಕ್ಕೂ ಹಿಂದಿನ ಗಾಡಿ. ಮುಂಭಾಗದಲ್ಲಿ ಹಳದಿ ಬಣ್ಣದಲ್ಲಿ ಬರೆಸಿದ್ದ, ಮೈಲಾರನ ಭಕ್ತರ ಕೂಗಾದ 'ಏಳು ಕೋಟಿ' ಎಂಬುದರಲ್ಲಿ 'ಏಳು' ಅಳಿಸಿ ಕೋಟಿಯಷ್ಟೇ ಉಳಿದಿತ್ತು. ಒಳಗೆ ಮೂರು ಕಣಜದ ಗೂಡು, ಮೂಲೆಯಲ್ಲಿ ಹಾವಿನ ಪೊರೆ.

ಎಡಚಕ್ರ ಹಬ್ಬಿನವರೆಗೆ ನೆಲದೊಳಗೆ ಇಳಿದಿತ್ತು. ನಮ್ಮ ಎರೆಭೂಮಿಯ ಗುಣ ಬಲ್ಲವರಿಗೆ ಇದು ಹೊಸದೇನೂ ಅನಿಸದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಮುಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮೇಲಿದ್ದದ್ದನ್ನು ವರ್ಷಕ್ಕೆ ಇಷ್ಟಿಷ್ಟೇ ನುಂಗುತ್ತದೆ. ಮರದ ನೆರಳಿದ್ದ ಬಲಗಡೆ ಕಡಿಮೆ ಇಳಿದು, ಬಿಸಿಲು ಬೀಳುವ ಎಡಗಡೆ ಹೆಚ್ಚು ಇಳಿದಿತ್ತು. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದು, ಲಾರಿಯ ಮೇಲೇರಿಸಿಕೊಂಡು ಹುಬ್ಬಳ್ಳಿಗೆ ತಂದೆವು. ಮಾವನ ಹೆಸರಿನಲ್ಲಿದ್ದ ನೋಂದಣಿಯನ್ನು ಮಗನ ಹೆಸರಿಗೆ ಮಾಡಿಸಿದ್ದು ಇನ್ನೊಂದು ಪುರಾಣ, ಇಲ್ಲಿ ಬೇಡ.

ಮೊದಲು ಒಂದು ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಕೇಳಿದೆ. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು, "ತಳಕ್ಕೆ ಉಬ್ಬುಗೆರೆಯ ಕಬ್ಬಿಣದ ಚೆಕರ್ಡ್ ಪ್ಲೇಟ್ ಬಡಿದು, ಬಣ್ಣ ಹೊಡೆದು ಹತ್ತು ದಿನದಲ್ಲಿ ಕೊಡುತ್ತೇವೆ" ಎಂದರು. ಹತ್ತು ದಿನ ಎಂಬ ಮಾತೇ ನನಗೆ ಅನುಮಾನ ತಂದಿತು. ಸುಟ್ಟ ಮೋಟಾರನ್ನು ಮುಚ್ಚಳ ತೆಗೆಯದೆ ಇಷ್ಟೇ ಖರ್ಚು ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ನಾವೇ ಮಾಡೋಣ ಎಂದೆ. ಆ ಮಾತಿನ ಬೆಲೆ ಆರು ತಿಂಗಳ ಭಾನುವಾರಗಳು.

ನನಗೆ ಬರುವುದು ವಿದ್ಯುತ್ತಿನ ಕೆಲಸ, ಹಾಗಾಗಿ ಅದರಿಂದಲೇ ಶುರು ಮಾಡಿದೆ. ಹಿಂದಿನ ದೀಪಗಳಲ್ಲಿ ಬಲಕ್ಕೆ ಇಂಡಿಕೇಟರ್ ಹಾಕಿದರೆ ಬ್ರೇಕ್ ದೀಪ ಮಿಣುಕುತ್ತಿತ್ತು, ಬ್ರೇಕ್ ಒತ್ತಿದರೆ ಎಲ್ಲವೂ ಅರೆಬರೆ ಉರಿಯುತ್ತಿದ್ದವು. ಅರ್ಥಿಂಗ್ ಕೆಟ್ಟಾಗ ಹೀಗೆಯೇ. ವಿದ್ಯುತ್ತಿಗೆ ಮರಳುವ ದಾರಿ ಸಿಗದಿದ್ದರೆ ಪಕ್ಕದ ಬಲ್ಬಿನ ಮೂಲಕ ನುಸುಳಿಕೊಂಡು ಹೋಗುತ್ತದೆ. ತುಕ್ಕು ಮತ್ತು ಬಣ್ಣದ ಮೇಲೆ ಬಿಗಿದಿದ್ದ ಬೋಲ್ಟನ್ನು ನಂಬುವ ಬದಲು ಪ್ರತಿ ದೀಪದಿಂದ ಕೊಂಡಿಯವರೆಗೆ ಬೇರೆ ಅರ್ಥ್ ತಂತಿ ಎಳೆದೆ. ಆಮೇಲೆ ಹಬ್ಬು ಬಿಚ್ಚಿ ಹೊಸ ಬೇರಿಂಗ್ ಹಾಕಿದೆ. ಎರಡು ವಾರದಲ್ಲಿ ಎಲ್ಲ ದೀಪಗಳೂ ಹೊಳೆಯುತ್ತಿದ್ದವು, ಚಕ್ರಗಳು ಬೆರಳು ತಾಕಿದರೆ ತಿರುಗುತ್ತಿದ್ದವು. ನೋಡಲು ಬಂದವರಿಗೆಲ್ಲ ಇಂಡಿಕೇಟರ್ ಹಾಕಿ ತೋರಿಸಿದೆ.

ಅಷ್ಟರಲ್ಲಿ ಬಡಿಗೇರರು ಬಂದರು. ಕಲಘಟಗಿಯವರು, ಬಣ್ಣದ ತೊಟ್ಟಿಲುಗಳ ಊರು. ನನ್ನ ದೀಪಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ಧೋತರ ಮೇಲೆತ್ತಿ ಕಟ್ಟಿಕೊಂಡು ಗಾಡಿಯ ಕೆಳಗೆ ಅಂಗಾತ ಮಲಗಿ, ನನ್ನ ಸ್ಕ್ರೂಡ್ರೈವರ್ ಕೇಳಿದರು. ತಳದ ಹಲಗೆಗಳನ್ನು ಕೆಳಗಿನಿಂದ ಒಂದೊಂದಾಗಿ ಚುಚ್ಚುತ್ತ ಹೋದರು. ಮುಂದಿನ ಅರ್ಧದಲ್ಲಿ ಟಕ್, ಟಕ್ ಎಂದಿತು. ಹಿಂದಕ್ಕೆ ಬಂದಂತೆ ಸದ್ದು ಸತ್ತಿತು. ಕುದುರೆಯ ಹಿಂಗಾಲು ಬರುವ ಜಾಗದಲ್ಲಿ ಸ್ಕ್ರೂಡ್ರೈವರ್ ಹಿಡಿಕೆಯವರೆಗೆ ಒಳಗೆ ಹೋಗಿ, ಅವರ ಎದೆಯ ಮೇಲೆ ನಶ್ಯದಂಥ ಪುಡಿ ಉದುರಿತು. ಮೇಲಿನಿಂದ ನೋಡಿದರೆ ಅದೇ ಹಲಗೆ ಗಟ್ಟಿಮುಟ್ಟಾಗಿ, ನುಣ್ಣಗೆ, ಕಪ್ಪಗೆ ಹೊಳೆಯುತ್ತಿತ್ತು. ನಾನೇ ಅದರ ಮೇಲೆ ನಿಂತು ದೀಪ ಕೂಡಿಸಿದ್ದೆ.

ಮೂತ್ರದ ಕೆಲಸ ಅದು. ಕುದುರೆ ನಿಂತಲ್ಲೇ ಮೂತ್ರ ಮಾಡುತ್ತದೆ. ಮೇಲೆ ಹಾಸಿದ ರಬ್ಬರಿನ ಅಡಿಯಲ್ಲಿ ಅದು ಆರದೆ ನಿಂತು ಮರವನ್ನು ಕೊಳೆಸುತ್ತದೆ, ಹಲಗೆಯ ಕೆಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ಮುನ್ನೂರೈವತ್ತು ಕಿಲೋ ತೂಕದ ಪ್ರಾಣಿಯ ಕಾಲು ಓಡುವ ಗಾಡಿಯ ತಳದಿಂದ ರಸ್ತೆಗೆ ಇಳಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಡಿಗೇರರೂ ಹೇಳಲಿಲ್ಲ. ಎದ್ದು ಪುಡಿ ಕೊಡವಿಕೊಂಡು, "ದೀಪ ಚೆನ್ನಾಗಿವೆ" ಎಂದರು.

ಹಲಗೆಗಳನ್ನೆಲ್ಲ ಕಿತ್ತೆವು. ಕೆಳಗಿನ ಏಳು ಅಡ್ಡಪಟ್ಟಿಗಳಲ್ಲಿ ಹಿಂದಿನ ಎರಡು ಸುತ್ತಿಗೆಯ ಏಟಿಗೆ ಹಪ್ಪಳದಂತೆ ಮುರಿದವು. ಚಾಸಿ ತಿರುಚಿದೆಯೇ ಎಂದು ನೋಡಲು ಬಡಿಗೇರರು ಹೇಳಿಕೊಟ್ಟ ಉಪಾಯ ಎರಡು ದಾರ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಬಿಗಿದು ಕಟ್ಟಿದಾಗ ನಡುವೆ ಒಂದಕ್ಕೊಂದು ಸವರಿಕೊಂಡು ಹೋದರೆ ಚೌಕಟ್ಟು ಸಮ. ನಮ್ಮದರಲ್ಲಿ ದಾರಗಳ ನಡುವೆ ಎರಡು ಬೆರಳು ಹೋಗುತ್ತಿದ್ದವು. ಹನ್ನೊಂದು ವರ್ಷ ಎಡಗಾಲು ಮಣ್ಣಿನಲ್ಲಿಟ್ಟು ನಿಂತದ್ದರ ಫಲ. ಕಲ್ಲಿನ ಮೇಲೆ ಮಟ್ಟ ಹಿಡಿದು ನಿಲ್ಲಿಸಿ, ಜಾಕಿ ಮತ್ತು ಸರಪಳಿಯಿಂದ ಎಳೆದು, ದಾರಗಳು ಮುಟ್ಟಿದಾಗ ಹೊಸ ಅಡ್ಡಪಟ್ಟಿಗಳನ್ನು ಬೆಸುಗೆ ಹಾಕಿಸಿದೆವು.

ಈ ಬೆಸುಗೆಯ ದಿನ ನಾನು ನನ್ನ ರಿವೈಂಡಿಂಗ್ ಅಂಗಡಿಯಲ್ಲಿದ್ದೆ. ಇರಬಾರದಿತ್ತು. ಅದರ ಕಥೆ ಮುಂದೆ ಬರುತ್ತದೆ.

ತಳಕ್ಕೆ ಕಬ್ಬಿಣವೋ ಮರವೋ ಎಂಬ ವಾದ ಮೂರು ವಾರ ನಡೆಯಿತು. ನೋಡಿದವರೆಲ್ಲ ಕಬ್ಬಿಣ ಎಂದರು. ನಾನು ಲೆಕ್ಕ ಹಾಕಿದೆ. ಐದು ಮಿಲಿಮೀಟರ್ ಕಬ್ಬಿಣದ ತಗಡು ಚದರ ಮೀಟರಿಗೆ ಸುಮಾರು 39 ಕಿಲೋ ತೂಗುತ್ತದೆ, ಎರಡಿಂಚಿನ ಮತ್ತಿ ಹಲಗೆಯೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ತೂಕದ ಮಾತು ಬಿಡೋಣ. ಕಬ್ಬಿಣ ಒದ್ದೆಯಾದರೆ ಗೊರಸು ಜಾರುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಹಂಚಿನಂತೆ ಕಾಯುತ್ತದೆ, ಪ್ರತಿ ಹೆಜ್ಜೆಗೂ ಡೋಲಿನಂತೆ ಬಡಿದು ಕುದುರೆಯನ್ನು ಬೆಚ್ಚಿಸುತ್ತದೆ. ಚಂಪಿ ಬಿದ್ದದ್ದೂ ಕಬ್ಬಿಣದ ಮೇಲೆಯೇ. ಮರ ಎಂದು ತೀರ್ಮಾನವಾಯಿತು.

ದಂಡೇಲಿಯ ಡಿಪೋದಿಂದ ಬಂದ ಮತ್ತಿಯ ದಿಮ್ಮಿ ಧಾರವಾಡದ ಒಂದು ಮಿಲ್ಲಿನಲ್ಲಿ ಸಿಕ್ಕಿತು. ಎಂಟು ಹಲಗೆ ಬೇಕಿತ್ತು. ಏಳು ಹಲಗೆ ಪೂರ್ತಿ ಕಂದು ತಿರುಳಿನವು; ಎಂಟನೆಯದರ ಒಂದು ಅಂಚಿನಲ್ಲಿ ಮೂರು ಬೆರಳಗಲ ಬಿಳಿ ಇತ್ತು. ತೊಗಟೆಯ ಪಕ್ಕದ ಎಳೆಯ ಭಾಗ ಅದು, ಹುಳಕ್ಕೂ ತೇವಕ್ಕೂ ತಡೆಯುವುದಿಲ್ಲ ಎಂದು ಬಡಿಗೇರರು ಅದನ್ನು ಪಕ್ಕಕ್ಕಿಟ್ಟರು. ಇನ್ನೊಂದು ಹಲಗೆಗಾಗಿ ಮತ್ತೆ ಧಾರವಾಡಕ್ಕೆ ಯಾರು ಹೋಗಬೇಕು, ಗೋಡೆಯ ಪಕ್ಕಕ್ಕೆ ಹಾಕಿಬಿಡಿ ಎಂದು ನಾನೇ ಒತ್ತಾಯಿಸಿದೆ. ಹಾಕಿದರು. ಮುಖ ಮಾತ್ರ ಸಪ್ಪಗಿತ್ತು.

ಹಲಗೆ ಕೂಡಿಸುವುದರಲ್ಲಿಯೂ ಒಂದು ವಿದ್ಯೆಯಿದೆ. ಪ್ರತಿ ಹಲಗೆಯ ತುದಿ ನೋಡಿ, ಕಾಂಡದ ನಡುವಿನ ಕಡೆಯ ಮುಖ ಮೇಲೆ ಬರುವಂತೆ ತಿರುಗಿಸಿ ಇಟ್ಟರು. ಮರ ಆರುವಾಗ ಅದರ ವರ್ಷದ ಉಂಗುರಗಳು ನೆಟ್ಟಗಾಗಲು ಎಳೆಯುತ್ತವೆ. ತೊಗಟೆಯ ಮುಖ ಮೇಲಿದ್ದರೆ ಹಲಗೆ ಬಟ್ಟಲಿನಂತೆ ಬಾಗಿ ನೀರು ಹಿಡಿಯುತ್ತದೆ, ನಡುವಿನ ಮುಖ ಮೇಲಿದ್ದರೆ ಬೆನ್ನುಬ್ಬಿ ನೀರನ್ನು ಬದಿಗೆ ಜಾರಿಸುತ್ತದೆ. ಎರಡು ಹಲಗೆಗಳ ನಡುವೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಡ್ಡ ಇಟ್ಟು, ಅಷ್ಟು ಸಂದು ಬಿಟ್ಟು, ಬೋಲ್ಟ್ ಬಿಗಿದರು. ತೊಟ್ಟಿಲಿನ ಊರಿನವರು ಕುದುರೆಗೆ ಹಾಸು ಮಾಡುತ್ತಿದ್ದೀರಿ ಎಂದು ತಮಾಷೆ ಮಾಡಿದರೆ, "ತೊಟ್ಟಿಲಿಗೂ ಕೆಳಗೆ ಸಂದು ಬೇಕೇ ಬೇಕು, ಕಾರಣ ಒಂದೇ" ಎಂದರು.

ಮರಕ್ಕೆ ಅಗಸೆ ಎಣ್ಣೆ ಕುಡಿಸುವ ಕೆಲಸ ನನ್ನದು. ರೊಟ್ಟಿಗೆ ಅಗಸೆ ಹಿಂಡಿ ತಿಂದು ಬೆಳೆದವನಿಗೆ ಆ ವಾಸನೆ ಹಿತವೇ. ಎರಡೂ ಮುಖ, ನಾಲ್ಕೂ ಅಂಚು, ಅದರಲ್ಲೂ ತುದಿಗಳಿಗೆ ಮೂರು ಸಲ ಬಳಿದೆ; ನೀರು ಹೆಚ್ಚು ಹೀರುವುದು ತುದಿಯೇ. ಕೆಲಸ ಮುಗಿಸಿ ಎಣ್ಣೆಯ ಹತ್ತಿ ಚಿಂದಿಗಳನ್ನೆಲ್ಲ ಮುದ್ದೆ ಮಾಡಿ ಒಂದು ಹಳೆಯ ಡಬ್ಬಿಗೆ ತುರುಕಿ ಊಟಕ್ಕೆ ಹೋದೆ. ರಾತ್ರಿ ಹತ್ತಕ್ಕೆ ಮರಳಿ ಬಂದಾಗ ಷೆಡ್ಡಿನಲ್ಲಿ ಒಗ್ಗರಣೆ ಸೀದ ವಾಸನೆ. ಡಬ್ಬಿ ಮುಟ್ಟಿದರೆ ಕೈ ಸುಟ್ಟಿತು, ಒಳಗಿನಿಂದ ತೆಳ್ಳಗೆ ಹೊಗೆ. ಅಗಸೆ ಎಣ್ಣೆ ಆರುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಕೂಡಿ ಗಟ್ಟಿಯಾಗುವುದು. ಆಗ ಬಿಸಿ ಹುಟ್ಟುತ್ತದೆ. ಹರಡಿದರೆ ಆ ಬಿಸಿ ಗಾಳಿಗೆ ಹೋಗುತ್ತದೆ, ಮುದ್ದೆ ಮಾಡಿದರೆ ಒಳಗೇ ಕೂತು ತಾನಾಗಿ ಕಿಚ್ಚು ಹಿಡಿಯುತ್ತದೆ. ಇಕ್ಕಳದಲ್ಲಿ ಹಿಡಿದು ನೀರಿನ ತೊಟ್ಟಿಗೆ ಹಾಕಿದೆ. ಪಕ್ಕದಲ್ಲೇ ಥಿನ್ನರ್ ಡಬ್ಬಿ ಇತ್ತು. ಈ ಸಂಗತಿಯನ್ನು ಮನೆಯಲ್ಲಿ ಈವರೆಗೂ ಹೇಳಿಲ್ಲ.

ಮೇಲೆ ಹಾಸಲು ಗಣಿಗಳ ಕನ್ವೇಯರ್ ಪಟ್ಟೆ. ಸಂಡೂರು, ಹೊಸಪೇಟೆಯ ಕಡೆಯಿಂದ ಹಳೆಯ ಪಟ್ಟೆಗಳು ನಮ್ಮ ಗುಜರಿಗೆ ಬರುತ್ತವೆ, ಹೊಸ ರಬ್ಬರ್ ಚಾಪೆಯ ಬೆಲೆಯಲ್ಲಿ ಕಾಲು ಭಾಗಕ್ಕೂ ಸಿಗುತ್ತವೆ. ಕೊಳ್ಳುವಾಗ ಕತ್ತರಿಸಿದ ಅಂಚನ್ನು ನೋಡಬೇಕು. ಒಳಗೆ ಬಟ್ಟೆಯ ಪದರವಿದ್ದರೆ ತೆಗೆದುಕೊಳ್ಳಿ, ಉಕ್ಕಿನ ತಂತಿ ಕಂಡರೆ ಬೇಡ. ಸವೆದಂತೆ ತಂತಿ ಹೊರಗೆ ಚಿಮ್ಮಿ ಗೊರಸಿಗೆ ಚುಚ್ಚುತ್ತದೆ. ಟೈರುಗಳ ವಿಷಯದಲ್ಲಿ ಮಾವನ ಮಗನಿಗೂ ನನಗೂ ಸಣ್ಣ ಜಗಳವೇ ಆಯಿತು. ಹಲ್ಲು ಹೊಸದರಂತಿದೆ, ಯಾಕೆ ಬದಲಿಸಬೇಕು ಎಂಬುದು ಅವನ ವಾದ. ಟೈರಿನ ಕೆನ್ನೆಯ ಮೇಲಿನ ನಾಲ್ಕು ಅಂಕಿ ಓದಿಸಿದೆ: 0809. ಅಂದರೆ 2009ರ ಎಂಟನೆಯ ವಾರ. ಗಾಳಿ ತುಂಬಿದಾಗ ಕೆನ್ನೆಯ ಬಿರುಕುಗಳು ಬಾಯಿ ತೆರೆದವು. ಅವನು ಸುಮ್ಮನಾದ.

ತುಕ್ಕು, ಗ್ರೈಂಡರ್, ರೆಡ್ ಆಕ್ಸೈಡ್: ನಾಲ್ಕು ಭಾನುವಾರ, ಹೇಳುವಂಥದ್ದೇನಿಲ್ಲ. ಹೊರಗೆ ಮಾವನ ಕಾಲದ್ದೇ ನೀಲಿ ಹೊಡೆದೆವು. ಒಳಗೆ ಮಾತ್ರ ಅವರದು ಕಡುಹಸಿರು ಇತ್ತು. ನಾವು ಬಿಳಿ ಹೊಡೆದೆವು. ಬಿಸಿಲಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು, ಕಪ್ಪು ಗುಹೆಯಂತಿರುವ ಪೆಟ್ಟಿಗೆಯೊಳಗೆ ಹೋಗಲು ಅದು ಹಿಂಜರಿಯುತ್ತದೆ. 'ಏಳು ಕೋಟಿ'ಯ ಎರಡೂ ಪದ ಮತ್ತೆ ಬಂದವು.

ಇನ್ನು ಬೆಸುಗೆಯ ಕಥೆ. ಆಗಸ್ಟಿನಲ್ಲಿ ಕುದುರೆಯ ಬದಲು ಏಳು ಚೀಲ ಸಿಮೆಂಟ್ ಹೇರಿಕೊಂಡು ಬೊಲೆರೊಗೆ ಕಟ್ಟಿ ಹೆಬಸೂರಿನವರೆಗೆ ಹೋದೆವು. ಚೀಲಗಳನ್ನು ಬಲಗಡೆಯ ಅಂಕಣಕ್ಕೆ ಹಾಕಿದ್ದೆವು. ನಮ್ಮ ರಸ್ತೆಗಳು ನಡುವೆ ಎತ್ತರ, ಎಡ ಅಂಚಿಗೆ ಇಳಿಜಾರು. ಎಡಗಡೆ ಓಡುವ ಗಾಡಿಯಲ್ಲಿ ಒಂಟಿ ಕುದುರೆ ಯಾವಾಗಲೂ ಬಲಕ್ಕೇ ನಿಲ್ಲಬೇಕು. ಇಳಿದು ಹಬ್ಬುಗಳನ್ನು ಮುಟ್ಟಿ ನೋಡಿದೆ. ಬಲಗಡೆಯದು ಬೆಚ್ಚಗಿತ್ತು. ಭಾರವೇ ಕಡಿಮೆಯಿದ್ದ ಎಡಗಡೆಯದರ ಮೇಲೆ ಕೈ ಇಡಲಾಗಲಿಲ್ಲ. ಚಕ್ರ ಎತ್ತಿ ತಿರುಗಿಸಿದರೆ ದುಂಬಿಯ ಗುಂಯ್‌ ಸದ್ದು.

ಆ ಸದ್ದು ನನಗೆ ಪರಿಚಿತ. ಮನೆಗೆ ಬಂದು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದೆ. ಮೂರು ತಿಂಗಳ ಹಿಂದೆ ಕನ್ನಡಿಯಂತಿದ್ದ ರೋಲರುಗಳ ಮೇಲೆ ಸೂಜಿಮೊನೆಯಷ್ಟು ಸಣ್ಣ ಬೂದು ಕುಳಿಗಳು. ಬೇರಿಂಗಿನ ಮೂಲಕ ವಿದ್ಯುತ್ ಹರಿದಾಗ ಹಾಗಾಗುತ್ತದೆ. ವೇಗ ಏರಿಸಿ ಇಳಿಸುವ ಡ್ರೈವ್ ಹಾಕಿದ ಮೋಟಾರುಗಳಲ್ಲಿ ಇಂಥದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಬೆಸುಗೆಯವನು ಅರ್ಥ್ ಕ್ಲಾಂಪನ್ನು ಕೆಲಸದ ಪಕ್ಕದಲ್ಲಿ ಹಾಕುವ ಬದಲು ಕೈಗೆ ಎಟುಕಿದ ಎಡಚಕ್ರದ ನಟ್ಟಿಗೆ ಕಚ್ಚಿಸಿದ್ದ. ಚಾಸಿಯಿಂದ ಚಕ್ರಕ್ಕೆ ಹೋಗುವ ದಾರಿಯಲ್ಲಿ ಬೇರಿಂಗ್ ಕೂತಿದೆ. ನೂರಾರು ಆಂಪಿಯರ್ ಅದರ ಮೂಲಕವೇ ಹೋಗಿ ಪ್ರತಿ ರೋಲರಿನಲ್ಲೂ ಕಿಡಿ ಹಾರಿಸಿದೆ. ಅವನನ್ನು ಬೈಯಲು ಬಾಯಿ ಬರಲಿಲ್ಲ. ಬೆಸುಗೆಗೆ ಮೊದಲೇ ಬೇರಿಂಗ್ ಹಾಕಿ ಬೀಗಿದವನು ನಾನು. ಅಲ್ಲಿ ನಿಂತು ನೋಡಬೇಕಾದ ದಿನ ಅಂಗಡಿಯಲ್ಲಿ ಕೂತವನೂ ನಾನೇ.

ಎರಡನೆಯ ಸಲ ನಿಧಾನವಾಗಿ ಮಾಡಿದೆ. ಅಂಗೈಯಲ್ಲಿ ಗ್ರೀಸಿನ ಉಂಡೆ ಇಟ್ಟುಕೊಂಡು, ಬೇರಿಂಗಿನ ಅಗಲ ಬದಿಯನ್ನು ಅದಕ್ಕೆ ಒತ್ತಿ ಒತ್ತಿ ಎಳೆದರೆ ಗ್ರೀಸು ರೋಲರುಗಳ ನಡುವಿನಿಂದ ಇನ್ನೊಂದು ತುದಿಗೆ ಹುಳುವಿನಂತೆ ಹೊರಬರುತ್ತದೆ. ಸುತ್ತಲೂ ಹಾಗೆ ಬಂದ ಮೇಲೆ ಕೂಡಿಸಬೇಕು. ಚಕ್ರ ತಿರುಗಿಸುತ್ತ ನಟ್ಟು ಬಿಗಿದು, ಆಮೇಲೆ ತುಸು ಸಡಿಲಿಸಿ, ನಟ್ಟು ಕಳಚದಂತೆ ಹೊಸ ಕಾಟರ್ ಪಿನ್. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಜಾಣರಿದ್ದಾರೆ. ಅವರ ಹಿಂದೆ ನಾನು ಗಾಡಿ ಓಡಿಸುವುದಿಲ್ಲ. ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡ ದಾಟಿಸಿ ಹಾಕಿದೆ, ಕೊಂಡಿ ಕಳಚಿದರೆ ಮೂತಿ ನೆಲಕ್ಕೆ ಬಡಿಯದೆ ಸರಪಳಿಯ ಜೋಳಿಗೆಯಲ್ಲಿ ಬೀಳಲಿ ಎಂದು. ಈ ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲ. ಮಾವ ಎರಡು ಕುದುರೆ ಒಯ್ಯುತ್ತಿದ್ದರು, ನಾವು ಒಂದನ್ನೇ ಒಯ್ಯುತ್ತೇವೆ, ನಲವತ್ತರ ವೇಗ ದಾಟುವುದಿಲ್ಲ.

ಚಂಪಿಗೆ ಗಾಡಿ ಒಗ್ಗಿಸಲು ಒಂದು ತಿಂಗಳು ಹಿಡಿಯಿತು. ಚಕ್ರಕ್ಕೆ ಕಲ್ಲು ಕೊಟ್ಟು, ಹಿಂಬಾಗಿಲು ತೆರೆದಿಟ್ಟು, ಸಂಜೆಯ ಹುರುಳಿಯನ್ನು ಒಳಗೇ ಇಡುತ್ತಿದ್ದ ಮಾವನ ಮಗ. ಮೊದಲ ವಾರ ಕತ್ತು ಚಾಚಿ ತಿಂದಿತು. ಎರಡನೆಯ ವಾರ ಮುಂಗಾಲು ಇಟ್ಟು, ಹಲಗೆಯನ್ನು ಗೊರಸಿನಿಂದ ಮೂರು ಸಲ ಕುಟ್ಟಿ, ಕಿವಿ ನಿಮಿರಿಸಿ ಕೇಳಿತು. ಬಡಿಗೇರರು ಸ್ಕ್ರೂಡ್ರೈವರಿನಲ್ಲಿ ಚುಚ್ಚಿ ಕೇಳಿದ್ದೂ ಹೀಗೆಯೇ.

ದಸರೆಯ ಹೊತ್ತಿಗೆ ರಾಣೆಬೆನ್ನೂರಿನ ಹತ್ತಿರದ ದೇವರಗುಡ್ಡದಲ್ಲಿ ಕಾರ್ಣಿಕ. ಮಾಲತೇಶನ ಸನ್ನಿಧಿಗೆ ಮಾವ ತಪ್ಪದೆ ಕುದುರೆ ಒಯ್ಯುತ್ತಿದ್ದರು. ಪಶುವೈದ್ಯರಿಂದ ಪ್ರಯಾಣದ ಪ್ರಮಾಣಪತ್ರ ಪಡೆದು ನಸುಕಿನಲ್ಲಿ ಹೊರಟೆವು. ತಡಸ ಕ್ರಾಸಿನಲ್ಲಿ ನಿಲ್ಲಿಸಿ ಎರಡೂ ಹಬ್ಬು ಮುಟ್ಟಿದೆ; ಎರಡೂ ಬೆಚ್ಚಗಿದ್ದವು, ಒಂದೇ ಸಮ. ಅಷ್ಟರಲ್ಲಿ ಒಳಗೆ ಚಂಪಿ ಕಾಲು ಅಗಲಿಸಿ ನಿಂತಿತು. ನಾನು ಗಡಿಬಿಡಿಯಿಂದ ರಸ್ತೆಯ ಮೇಲೆ ಮಂಡಿಯೂರಿ ಕೆಳಗೆ ಬಗ್ಗಿದೆ. ಚಹದ ಅಂಗಡಿಯವರು ಏನೋ ಮುರಿದಿದೆ ಎಂದುಕೊಂಡು ಓಡಿ ಬಂದರು. ಪಟ್ಟೆಯ ಅಂಚಿನಿಂದ ಇಳಿದು, ಪೆನ್ಸಿಲ್ ದಪ್ಪದ ಸಂದುಗಳಿಂದ ನಾಲ್ಕು ನೇರ ಧಾರೆ ಡಾಂಬರಿನ ಮೇಲೆ ಬೀಳುತ್ತಿತ್ತು. ಏನೂ ಇಲ್ಲ, ಎಲ್ಲ ಸರಿಯಾಗಿದೆ ಎಂದು ಅವರಿಗೆ ಹೇಳುವುದು ಸ್ವಲ್ಪ ಕಷ್ಟವಾಯಿತು.

ಆಮೇಲೆ ಗಾಡಿ ಕುಂದಗೋಳ, ಸವಣೂರು, ಹಾನಗಲ್ಲು ಎಂದು ಇಪ್ಪತ್ತು ಸಲವಾದರೂ ಹೋಗಿ ಬಂದಿದೆ. ಪ್ರತಿ ಸಲ ಬಂದ ಕೂಡಲೇ ಪಟ್ಟೆ ಎತ್ತಿ ಗೋಡೆಗೆ ಒರಗಿಸಿ, ತಳಕ್ಕೆ ಬಕೆಟ್ಟುಗಟ್ಟಲೆ ನೀರು ಹೊಯ್ದು, ಬಾಗಿಲು ತೆರೆದು ಒಣಗಿಸುತ್ತೇವೆ. ಎಷ್ಟೇ ದಣಿದಿದ್ದರೂ ನಾಳೆ ಎನ್ನುವಂತಿಲ್ಲ. ಮಳೆಗಾಲದಲ್ಲಿ ಅಚ್ಚನ್ನು ಸ್ಟ್ಯಾಂಡಿನ ಮೇಲೇರಿಸಿ, ಸ್ಟ್ಯಾಂಡಿನ ಕೆಳಗೆ ಫರಸಿ ಕಲ್ಲು ಹಾಕುತ್ತೇವೆ. ಪಾಟಾದ, ಅಂದರೆ ಸ್ಪ್ರಿಂಗ್ ಪಟ್ಟಿಗಳ, ಯು-ಬೋಲ್ಟುಗಳನ್ನು ಮೊದಲ ಪ್ರಯಾಣದ ನಂತರ ಬಿಗಿದಾಗ ಅರ್ಧ ಸುತ್ತು ತಿರುಗಿದವು, ಆಮೇಲೆ ಅಲುಗಿಲ್ಲ.

ಸ್ಕ್ರೂಡ್ರೈವರ್ ಈಗ ಟ್ರೇಲರಿನ ಬಾಗಿಲಿಗೇ ತೂಗುತ್ತದೆ. ಹೋದ ತಿಂಗಳು ಕೆಳಗೆ ಮಲಗಿ ಚುಚ್ಚುತ್ತ ಬಂದೆ. ಏಳು ಹಲಗೆ ಟಕ್ ಎಂದವು. ಬಲಗೋಡೆಯ ಪಕ್ಕದ ಎಂಟನೆಯದರ ಬಿಳಿಯಂಚಿನಲ್ಲಿ ಮೊನೆ ಉಗುರಿನಷ್ಟು ಒಳಗೆ ಹೋಯಿತು. ಕಲಘಟಗಿಗೆ ಫೋನ್ ಮಾಡಿದೆ. ಯಾವ ಹಲಗೆ ಎಂದು ಬಡಿಗೇರರು ಕೇಳಲಿಲ್ಲ. ಅಳತೆ ಬರೆದಿಟ್ಟಿದ್ದೇನೆ, ಧಾರವಾಡದಿಂದ ಹಲಗೆ ತಂದಿಡಿ ಎಂದರು.